ವಿಮಾನದ ಬಿಲ್ಲೆ

“ಎಲ್ಲಿತ್ತೋ ಅಲ್ಲೇ ಹಾಕಿ ಮಣ್ಣು ಮುಚ್ಚಪ್ಪಾ. ಎಂಜಲು ಮಾತ್ರ ತಾಗಿಸ್ಬೇಡ.”

ಎಮ್ಮೆದೊಡ್ಡಿ ಕಾವಲಿನಂಚಲ್ಲಿ ಹಸು ಮೇಯಿಸುತ್ತಿದ್ದ ಗುರುಶಾಂತಮ್ಮ ಹೀಗೆಂದಾಗ ದುಶ್ಯಂತ್ ನಕ್ಕುಬಿಟ್ಟ. ಕಡೂರಿಗೆ ವರ್ಗವಾಗಿ ಬಂದು ತಿಂಗಳಾಗಿರಲಿಲ್ಲ. ಭಾನುವಾರ ಬಂದರೆ ಲೋಹ ಹುಡುಕುವ ಮಷೀನು ಹೊತ್ತು ತಿರುಗುವುದೇ ಅವನ ಹುಚ್ಚು. ಇವತ್ತು ಮಷೀನು ಕೂಗಿದಲ್ಲಿ ಅಗೆದರೆ ಕೂದಲು ಸುತ್ತಿದ ಕೊಬ್ಬಿನ ಉಂಡೆ, ಅದರೊಳಗೊಂದು ವಿಮಾನದ ಚಿತ್ರವಿದ್ದ ಹಿತ್ತಾಳೆ ಬಿಲ್ಲೆ.

“ಯಾಕಜ್ಜಿ, ಕಚ್ಚುತ್ತಾ?”

“ನಮ್ಮಾವನ ಕಾಲದಲ್ಲಿ ದನಕ್ಕೆಲ್ಲ ಕಾಲುಬಾಯಿ ರೋಗ ಬಂದಿತ್ತು. ಮಂತ್ರದೋನು ರೋಗಾನ ಹಕ್ಕಿ ಕಾಲಿಗೆ ಕಟ್ಟಿ ಹಾರಿಸ್ತಿದ್ದ. ಅವತ್ತು ಹಕ್ಕಿ ಸಿಗ್ಲಿಲ್ಲ. ಹಾರೋದು ಏನಾದ್ರೂ ಸರಿ ಅಂತ ಮಾವ ಈ ವಿಮಾನದ ಬಿಲ್ಲೆ ಕೊಟ್ರು. ಸಾಯೋ ದನದ ಜೊಲ್ಲೆಲ್ಲ ಮೆತ್ತಿ ಹೂತ್ರು. ಹಾರ್ಲಿಲ್ಲ ಕಣಪ್ಪಾ ಅದು. ಇಲ್ಲೇ ಕೂತೈತೆ.”

“ಪ್ಯಾಸೆಂಜರ್ ಸಿಕ್ಕಿರಲ್ಲ ಬಿಡಜ್ಜಿ!”

ಅಜ್ಜಿ ಹಸುವನ್ನು ಗುಂಡಿಯಿಂದ ಆಚೆಗೆ ಅಟ್ಟಿದಳು.

ಅವನು ತರೀಕೆರೆಯ ಗೆಳೆಯ ಹೊನ್ನೇಶನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ಬಿಲ್ಲೆ ಮೇಲಿನ ಚಿತ್ರ ಹೇಗಿದೆಯೆಂದು ಹೇಳಿದ. ಹಳೇ ನಾಣ್ಯದ ವಿಷಯದಲ್ಲಿ ಹೊನ್ನೇಶನ ಮಾತೇ ಕೊನೆ.

“ಒಂದರ ಮೇಲೊಂದು ಎರಡು ರೆಕ್ಕೆನಾ? ಯಾವುದೋ ವಿಮಾನ ಬಂದಿಳಿದ ನೆನಪಿಗೆ ಹೊಡೆಸಿದ್ದಿರ್ಬೇಕು. ಇಸ್ವಿ ನೋಡ್ಲೇ, ಅದಿಲ್ದೆ ಗುರುತು ಹಿಡಿಯಕ್ಕಾಗಲ್ಲ.”

ಹತ್ತೊಂಬತ್ತು ಕಂಡಿತು. ಮುಂದಿನೆರಡು ಅಂಕಿಗಳ ಮೇಲೆ ಕಪ್ಪು ಜಿಡ್ಡು. ನೋಟು ಎಣಿಸುವವರ ಹಾಗೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಉಜ್ಜಿದ. ಮತ್ತೆ ನಾಲಿಗೆಗೆ. ಮತ್ತೆ ಬಿಲ್ಲೆಗೆ.

“ಅಯ್ಯೋ, ಕೆಟ್ಯಲ್ಲೋ!” ಎಂದಳು ಗುರುಶಾಂತಮ್ಮ.

ಮೂವತ್ತನಾಲ್ಕು. ಓದಿದ. ಹೇಳಲಾಗಲಿಲ್ಲ.

ಬಾಯಿ ತುಂಬ ಕೊಳೆತ ಗೊರಸಿನ ನಾತ. ಜೊಲ್ಲು ನೂಲಾಗಿ ಎದೆಗಿಳಿಯಿತು. ನೂಲು ಹಗ್ಗವಾಯಿತು. ನಾಲಿಗೆ ಊದಿತು. ಬೊಕ್ಕೆ ಎದ್ದವು. ಒಡೆದವು. ಬಿಸಿ ಕೀವು. ನುಂಗಿದ. ಮತ್ತೆ ತುಂಬಿತು. ಶೂ ಒಳಗೆ ಉಗುರುಗಳು ಒಂದೊಂದಾಗಿ ಕಳಚಿದವು. ನೊಣಗಳು ಎಲ್ಲಿದ್ದವೋ, ತುಟಿಗೇ ಬಂದು ಕೂತವು.

ಬಿಲ್ಲೆಯನ್ನು ಗುಂಡಿಗೆಸೆದ. ಜೊಲ್ಲು ನಿಲ್ಲಲಿಲ್ಲ.

“ಕೈಲಿ ಹಾಕಿದ್ರೆ ಹೋಗಲ್ವೋ! ಬಾಯಿಂದ ಹತ್ತಿದ್ದು, ಬಾಯಿಗೆ ಹಾಕ್ಕೊಂಡು ಬಾಯಿಂದ್ಲೇ ಗುಂಡಿಗೆ ಇಳಿಸು. ಆ ಉಂಡೆ ಸಮೇತ!”

ಕೊಬ್ಬು, ಕೂದಲು, ಬಿಲ್ಲೆ ಎಲ್ಲವನ್ನೂ ಹೆಕ್ಕಿ ಬಾಯಿಗೆ ತುರುಕಿದ. ಕೂದಲು ಗಂಟಲಿಗಿಳಿಯಿತು. ಕೊಬ್ಬು ಹಲ್ಲಿಗಂಟಿ ಕರಗಿತು. ಬಗ್ಗಿ ಕಕ್ಕಿದ. ಎಲ್ಲ ಗುಂಡಿಗೆ ಬಿತ್ತು. ಜೊತೆಗೆ ಮೆತ್ತಗಿನ, ಗುಲಾಬಿ ಬಣ್ಣದ ತುಂಡೊಂದು. ಅಜ್ಜಿ ಮೂಗಿಗೆ ಸೆರಗು ಹಿಡಿದು ಕಾಲಲ್ಲೇ ಮಣ್ಣು ತಳ್ಳಿದಳು.

ಜೊಲ್ಲು ನಿಂತಿತು. ಫೋನು ಇನ್ನೂ ಮಾತಾಡುತ್ತಿತ್ತು.

“ಲೇ ದುಶ್ಯಂತ, ಎಷ್ಟನೇ ಇಸ್ವಿನೋ?”

ಅವನು ಬಾಯಿ ತೆರೆದ.

“ಯಾರ ಮನೆ ಹಸುನೋ ಅದು, ಹಂಗೆ ಕೂಗ್ತೈತೆ?” ಎಂದ ಹೊನ್ನೇಶ.

ಮೇಯುತ್ತಿದ್ದ ಹಸು ತಲೆಯೆತ್ತಿ, ಮೆಲ್ಲಗೆ ನಡೆದುಬಂದು, ಅವನ ಗಲ್ಲವನ್ನು ನೆಕ್ಕತೊಡಗಿತು.