ನಾಲ್ಕಡಿ ಬಾಗಿಲು

ಠಾಣೆಗೆ ಜನ ಏನೇನೋ ಹಿಡಿದುಕೊಂಡು ಬರುತ್ತಾರೆ. ಮುರಿದ ಹಲ್ಲು, ಹರಿದ ಅಂಗಿ, ಕಳುವಾದ ಕೋಳಿಯ ಪುಕ್ಕ. ಆದರೆ ಹಾಲಿನ ಚೊಂಬು ಹಿಡಿದು ಬಂದವನನ್ನು ಹೆಡ್ ಕಾನ್‌ಸ್ಟೇಬಲ್ ಸುಂಕಣ್ಣ ತನ್ನ ಮೂವತ್ತು ವರ್ಷದ ನೌಕರಿಯಲ್ಲಿ ನೋಡಿದ್ದು ಅಂದೇ ಮೊದಲು. 1951ರ ಫೆಬ್ರುವರಿ 15, ಗುರುವಾರ, ಬೆಳಿಗ್ಗೆ ಏಳೂ ನಲವತ್ತು. ಸ್ಥಳ, ಬಳ್ಳಾರಿಯ ಪೇಟೆ ಠಾಣೆ.

ಬಂದವನ ಹೆಸರು ಗಾದೆಪ್ಪ. ಹತ್ತಿ ಜಿನ್ನಿನಲ್ಲಿ ಫಿಟರ್.

"ಸಾಹೇಬ್ರ, ನನ್ನ ಮನ್ಯಾಗ ಯಾರೋ ಮುದುಕಿ ಕುಂತಾಳ್ರಿ. ಹಾಲು ಉಕ್ಕಸಾಕ ಬಿಡವಲ್ಲಳು."

"ಯಾರಾಕಿ?"

"ದೊಡ್ಡಬಸಮ್ಮ ಅಂತಾಳ್ರಿ. ಇದು ನನ್ನ ಮನಿ, ಮಾರಿಲ್ಲ ಅಂತಾಳ."

"ನಿನಗ ಮಾರಿದವರು ಯಾರು?"

"ದೊಡ್ಡಬಸಮ್ಮ ರೀ."

ಸುಂಕಣ್ಣ ಲೇಖನಿ ಕೆಳಗಿಟ್ಟ. "ಇಬ್ಬರೂ ಒಬ್ಬಾಕೀನ ಏನು?"

"ಅಲ್ರಿ. ಮಾರಿದಾಕಿ ಬ್ಯಾರೆ."

ಗಾದೆಪ್ಪ ಕೋಟಿನ ಒಳಜೇಬಿನಿಂದ ಕ್ರಯಪತ್ರ ತೆಗೆದು ಮೇಜಿನ ಮೇಲಿಟ್ಟ. ಜನವರಿ 29ರಂದು ರಿಜಿಸ್ಟರ್ ಆದದ್ದು. ಸರ್ಕಾರದ ಮೊಹರು ಇತ್ತು, ಛಾಪಾ ಕಾಗದ ಸರಿ ಇತ್ತು, ದೊಡ್ಡಬಸಮ್ಮ ಎಂಬ ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟು ದಪ್ಪಗೆ ಒತ್ತಿತ್ತು.

"ಬಾವಿ ನೀರು ಉಪ್ಪೋ ಸೀಯೋ ಕುಡದು ನೋಡೀನ್ರಿ. ಮಾಳಿಗಿ ಸೋರ್ತತೇನೋ ಅಂತ ಮ್ಯಾಲ ಹತ್ತಿ ನೋಡೀನಿ. ಮುನಸಿಪಾಲ್ಟಿ ರಸೀದಿ ನೋಡೀನಿ. ಕಚೇರ್ಯಾಗ ಹನ್ನೆರಡು ವರ್ಷದ ಪುಸ್ತಕ ಹುಡಕಿಸೀನಿ, ಅಡವು ಇಲ್ಲ, ತಕರಾರಿಲ್ಲ. ಇನ್ನ ಏನ್ ನೋಡಬೇಕಿತ್ರಿ?"

ಸುಂಕಣ್ಣ ಕ್ರಯಪತ್ರವನ್ನು ತಿರುವಿ ನೋಡಿದ. ಜೂನ್ ಕೊನೆಗೆ ಅವನಿಗೆ ನಿವೃತ್ತಿ, ಮರುದಿನವೇ ಪೊಲೀಸ್ ಲೈನಿನ ಮನೆ ಖಾಲಿ ಮಾಡಬೇಕು. ಮೂವತ್ತು ವರ್ಷ ಸರ್ಕಾರದ ಸೂರಿನಡಿ ಮಲಗಿದವನಿಗೆ ಸ್ವಂತದ್ದೆಂದು ಒಂದು ಗೂಟವೂ ಇರಲಿಲ್ಲ. ಕೋಟೆ ಗುಡ್ಡದ ಹಿಂದೆ ಒಂದು ಮನೆ ನೋಡಿ, ಬರುವ ಸೋಮವಾರ ಮುಂಗಡ ಕೊಡುವೆನೆಂದು ಮಾತು ಕೊಟ್ಟಿದ್ದ. ಅವನು ನೋಡಿದ್ದು ಬಾವಿ ನೀರು ಒಂದನ್ನೇ.

"ನೆರೆಹೊರೆ ಕೇಳಿದ್ಯೇನು?"

"ಆಕಿ ಅಳಿಯ ಬ್ಯಾಡಂದ ರೀ. ದಾಯಾದಿಗಳ ಕಿವಿಗಿ ಬಿದ್ರ ಅಡ್ಡ ಬರ್ತಾರ ಅಂದ."

ಎಂಟೂವರೆಗೆ ಸಬ್ ಇನ್‌ಸ್ಪೆಕ್ಟರ್ ನರಸಿಂಗರಾಯರು ಬಂದರು. ದೂರು ಓದಿ, ಮೋಸ ಮತ್ತು ಸುಳ್ಳು ವೇಷದ ಕಲಮುಗಳನ್ನು ಹಾಕಿ ಎಫ್.ಐ.ಆರ್. ದಾಖಲಿಸಿದರು. "ಪಂಚನಾಮೆಗೆ ನಡೀರಿ ಸುಂಕಣ್ಣ," ಎಂದರು.

ಮನೆಯ ಮುಂದೆ ಗಾದೆಪ್ಪನ ಸಂಸಾರವೆಲ್ಲ ಕಟ್ಟೆಯ ಮೇಲಿತ್ತು. ಟ್ರಂಕು, ಹಾಸಿಗೆ ಸುರುಳಿ, ದೇವರ ಪಟ, ಎರಡು ಮಕ್ಕಳು, ಮತ್ತು ಹೊಸ ಸೀರೆಯುಟ್ಟು ಅಳುತ್ತಿದ್ದ ಹೆಂಡತಿ ಕೊಟ್ರಮ್ಮ. ಬಾಡಿಗೆ ಕೋಣೆಯನ್ನು ಹಿಂದಿನ ಸಂಜೆಯೇ ಬಿಟ್ಟಿದ್ದರು, ಅಲ್ಲಿ ಆಗಲೇ ಬೇರೆಯವರ ಒಲೆ ಹೊತ್ತಿತ್ತು. ಒಳಗೆ ಹೊಸ್ತಿಲ ಮೇಲೆ ಅರವತ್ತು ದಾಟಿದ ದೊಡ್ಡಬಸಮ್ಮ ಕೋಲು ಅಡ್ಡವಿಟ್ಟು ಕೂತಿದ್ದಳು. ನೀರಿಗೆಂದು ಎದ್ದರೆ ಇವರು ಒಳಗೆ ನುಗ್ಗುತ್ತಾರೆಂದು ಬೆಳಗಿನಿಂದ ಬಾವಿಯ ಕಡೆಗೂ ಹೋಗಿರಲಿಲ್ಲ. ಹೊರಗಿದ್ದವರಿಗೆ ಹೋಗಲು ದಾರಿಯಿಲ್ಲ, ಒಳಗಿದ್ದವಳಿಗೆ ಏಳಲು ಧೈರ್ಯವಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಸುಂಕಣ್ಣ ಕೇಳಿದ್ದ, ಅಂದು ಕಣ್ಣಾರೆ ಕಂಡ.

"ಎಲ್ಲಿಗೆ ಹೋಗಿದ್ರಿ?" ರಾಯರು ಕೇಳಿದರು.

"ಸಿರುಗುಪ್ಪಾಕ, ತಂಗಿ ಮನಿಗಿ. ಎರಡು ತಿಂಗಳಾತು. ನಿನ್ನೆ ಸಂಜಿ ಬಸ್ಸಿಗೆ ಬಂದೆ."

"ಮನೆ ಯಾರಿಗೆ ಒಪ್ಪಿಸಿದ್ರಿ?"

"ಅಳಿಯಗ. ಓಬಳೇಶಗ. ಒಂದು ಕೀಲಿ ಅವನ ಕಡಿ, ಒಂದು ನನ್ನ ಕಡಿ."

"ಮಗಳು?"

"ಮೂರು ವರ್ಷ ಆತು ರೀ, ಹೋಗಿಬಿಟ್ಟಳು. ಮಕ್ಕಳಿಲ್ಲ."

"ಮಗಳು ಹೋದ ಮೇಲೂ ಅಳಿಯ ಇಲ್ಲೇ ಇದ್ದನೋ?"

ಮುದುಕಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮನಿ ಅಳಿಯ ರೀ. ಹದಿನೇಳು ವರ್ಷದಿಂದ ಇದಾನ. ಎಲ್ಲಿಗಿ ಹೋಕ್ಕಾನ?"

ಪಂಚರನ್ನು ಕರೆದು ಮನೆ ಅಳೆಯತೊಡಗಿದರು. ಪಡಸಾಲೆ ಹನ್ನೆರಡಡಿ, ಅದರಾಚೆ ಒಳಕೋಣೆ. ಹಳಬರು ಒಳಬಾಗಿಲನ್ನು ನಾಲ್ಕೇ ಅಡಿಗೆ ತಗ್ಗಾಗಿ ಇಡಿಸುತ್ತಿದ್ದರು, ದೇವರಿದ್ದ ಕೋಣೆಗೆ ತಲೆ ಬಗ್ಗಿಸಿಯೇ ಹೋಗಬೇಕೆಂದು. ಅಳತೆಯ ಟೇಪು ಹಿಡಿದು ಹಿಂದೆ ಮುಂದೆ ನೋಡದೆ ನುಗ್ಗಿದ ಸುಂಕಣ್ಣನ ಹಣೆ ಕಲ್ಲಿನ ಅಡ್ಡಪಟ್ಟಿಗೆ ಬಡಿಯಿತು. ಕೆಂಪು ರುಮಾಲು ಇದ್ದದ್ದಕ್ಕೆ ತಲೆ ಉಳಿಯಿತು.

"ಬಗ್ಗಬೇಕಪಾ, ಬಗ್ಗಬೇಕು," ಎಂದು ದೊಡ್ಡಬಸಮ್ಮ ಆ ಕಷ್ಟದಲ್ಲೂ ನಕ್ಕಳು. ಎದ್ದು ಬಂದು, ಮಾತಾಡುತ್ತಲೇ, ಬಾಗಿಲತ್ತ ನೋಡದೆಯೇ ಸೊಂಟ ಬಗ್ಗಿಸಿ ಒಳಗೆ ಹೋದಳು.

ಕಿಟಕಿಯಿಂದ ಇಣುಕುತ್ತಿದ್ದ ಕೊಟ್ರಮ್ಮ, "ಅಯ್ಯ, ಆಕೀಗೂ ಹಿಂಗ ಬಡದಿತ್ತು!" ಎಂದಳು.

ಸುಂಕಣ್ಣ ಹಣೆ ಉಜ್ಜಿಕೊಳ್ಳುವುದನ್ನು ನಿಲ್ಲಿಸಿದ. "ಯಾರಿಗಿ?"

"ನಮಗ ಮನಿ ಮಾರಿದಾಕೀಗಿ ರೀ. ನೋಡಾಕ ಬಂದ ದಿನ ಕುಡ್ಯಾಕ ನೀರು ಕೇಳಿದೆ. ತರತೀನಿ ಅಂತ ಹ್ವಾದಳು, ಧಡ್ ಅಂತ ಬಡದು ರಕ್ತ ಬಂತು. ನಾನ ಅರಿಶಿಣ ಒತ್ತಿದೆ."

"ತನ್ನ ಮನಿ ಬಾಗಿಲು ತನಗ ಗೊತ್ತಿದ್ದಿಲ್ಲೇನು?"

ಕೊಟ್ರಮ್ಮ ಗಂಡನ ಕಡೆ ತಿರುಗಿದಳು. ಗಾದೆಪ್ಪ ಹಣೆ ಚಚ್ಚಿಕೊಂಡ. ಮಾಳಿಗೆಯ ಮೇಲೆ ಹತ್ತಿ ನೋಡಿದ ಮನುಷ್ಯ, ಕಣ್ಣ ಮುಂದೆ ನಡೆದದ್ದನ್ನು ನೋಡಿರಲಿಲ್ಲ.

"ಮತ್ತೇನು ಕಂಡಿ ತಾಯಿ? ನೆನಸಿ ಹೇಳು."

"ಕಾಲ ಬೆರಳ ಸಂದಿ ಎಲ್ಲ ಕೆಸರು ತಿಂದು ಹುಣ್ಣಾಗಿತ್ರಿ. ಬಳ್ಳಾರ್ಯಾಗ ಎಲ್ಲಿ ಕೆಸರು ಬಂತು ಅಂತ ಅನಿಸಿತ್ತು. ಹೊಸ ಮನಿ ಸಂಭ್ರಮದಾಗ ಮರತೆ."

ಗುಡ್ಡದ ಬುಡದ ಒಣ ಊರಲ್ಲಿ ಅಂಥ ಕಾಲು ಹುಟ್ಟುವುದಿಲ್ಲ. ಅದು ಭತ್ತದ ಗದ್ದೆಯ ಕಾಲು. ಅಳಿಯನ ಹುಟ್ಟೂರು ಯಾವುದೆಂದು ಸುಂಕಣ್ಣ ಕೇಳಿದ.

"ದೇಶನೂರು. ಸಿರುಗುಪ್ಪದ ಕಡಿ, ಗದ್ದಿ ಸೀಮಿ," ಎಂದಳು ದೊಡ್ಡಬಸಮ್ಮ.

16ರ ಶುಕ್ರವಾರ ರಿಜಿಸ್ಟ್ರಿ ಕಚೇರಿಯ ಹೆಬ್ಬೆಟ್ಟಿನ ಪುಸ್ತಕ ತರಿಸಿ ನೋಡಿದರು. ದೊಡ್ಡಬಸಮ್ಮನ ಹೆಬ್ಬೆಟ್ಟಿನಲ್ಲಿ ಗುಂಡು ಸುಳಿ, ಪುಸ್ತಕದಲ್ಲಿದ್ದದ್ದು ಬೇರೆ. ಭೂತಗನ್ನಡಿ ಬೇಕಾಗಿರಲಿಲ್ಲ, ಆದರೂ ನಿಯಮದಂತೆ ಎರಡನ್ನೂ ಮದ್ರಾಸಿಗೆ ಕಳಿಸಿದರು. ಗುರುತು ಹೇಳಿದ ಸಾಕ್ಷಿಗಳು ಇಬ್ಬರು. ಒಬ್ಬ ಓಬಳೇಶನೇ. ಇನ್ನೊಬ್ಬ ಕಚೇರಿ ಮುಂದಿನ ಬೇವಿನ ಕೆಳಗೆ ಎಲೆ ಅಡಿಕೆ ಮಾರುವವನು.

"ಆ ಹೆಂಗಸು ನಿನಗ ಗೊತ್ತಿತ್ತೇನಲೇ?"

"ನನಗ ಅಳಿಯ ಗೊತ್ತಿದ್ದ ರೀ. ಅಳಿಯಗ ಅತ್ತಿ ಗೊತ್ತಿದ್ದಳು."

ಈ ಲೆಕ್ಕಕ್ಕೆ ನಗಬೇಕೋ ಬಾರಿಸಬೇಕೋ ತಿಳಿಯದೆ ಸುಂಕಣ್ಣ ಅವನ ಹೇಳಿಕೆ ಬರೆದುಕೊಂಡ.

17ರ ಶನಿವಾರ ಸುಂಕಣ್ಣ ಹೊರಟ. ಬೆಳಗಿನ ಬಸ್ಸಿಗೆ ಸಿರುಗುಪ್ಪ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ದೇಶನೂರು. ಕಾಲುವೆ ತುಂಬ ನೀರು, ಗದ್ದೆಯಲ್ಲಿ ನಾಟಿ. ಓಬಳೇಶನ ತಾಯಿ ಊರಮ್ಮನ ಗುಡಿಸಲಿನ ಬಾಗಿಲು ಮುಳ್ಳು ಬಡಿದು ಮುಚ್ಚಿತ್ತು. ನೆರೆಯ ಉಚ್ಚಂಗೆಮ್ಮ ಸಸಿ ಕಟ್ಟು ಹಿಡಿದೇ ಬದುವಿಗೆ ಬಂದು ನಿಂತಳು.

"ಮಗ ಕರಕೊಂಡು ಹ್ವಾದ ರೀ. ಕುರುಗೋಡಾಗ ಮನಿ ತಗೊಂಡಾನ. ಹದಿನೇಳು ವರ್ಷಕ್ಕ ಅವ್ವ ನೆನಪಾದಳು."

"ಬಳ್ಳಾರಿಗಿ ಮಗನ ಮನಿಗಿ ಬರ್ತಿದ್ದಿಲ್ಲೇನು?"

"ಅದು ಮಗನ ಮನಿ ಎಲ್ರಿ ಆತು? ಮಗನ ಮದಿವ್ಯಾದ ವರ್ಷ ಒಮ್ಮೆ ಹೋಗಿದ್ದಳು. ಕಟ್ಟಿ ಮ್ಯಾಲ ಕುಂದ್ರಿಸಿ ಉಣ್ಣಾಕ ಕೊಟ್ಟು ಕಳಿಸಿದ್ರಂತ. ಒಳಗ ಬಾ ಅನ್ನಲಿಲ್ಲಂತ."

"ಈಗ ಹಣಿಗಿ ಪೆಟ್ಟೇನಾರ ಆಗಿತ್ತೇನು?"

"ಹೌದು ರೀ. ಕಟ್ಟಿಗಿ ತಗಲ್ತು ಅಂದಳು. ನಿಮಗ ಹೆಂಗ ಗೊತ್ತು?"

ಸುಂಕಣ್ಣ ತಲೆ ತಗ್ಗಿಸಿ ಬರೆಯುತ್ತಿದ್ದ. ಕಳ್ಳರ ಜಾಡು ಸಿಕ್ಕಾಗ ಅವನಿಗೆ ಯಾವಾಗಲೂ ಖುಷಿಯಾಗುತ್ತಿತ್ತು. ಅಂದು ಆಗಲಿಲ್ಲ.

18ರ ಭಾನುವಾರ ಸಂಜೆ ನಾಲ್ಕಕ್ಕೆ, ರಾಯರ ಜೊತೆ, ಕುರುಗೋಡು. ದೊಡ್ಡಬಸವಣ್ಣನ ಗುಡಿಯ ಆಚೆ ಓಣಿಯಲ್ಲಿ ಹೊಸದಾಗಿ ಬಂದವರ ಮನೆ ಎಂದು ಊರವರು ತೋರಿಸಿದರು. ಮಣ್ಣಿನ ಗೋಡೆಯ ಎರಡಂಕಣದ ಹಳೆಯ ಮನೆ. ಹೊಸದೆಂದರೆ ಬಾಗಿಲೊಂದೇ. ಗೋಡೆ ಒಡೆದು ಎತ್ತರಿಸಿದ್ದರು, ದ್ವಾರಬಂಧದ ಮರ ಇನ್ನೂ ಹಸಿ ವಾಸನೆ ಬೀರುತ್ತಿತ್ತು. ಏಳಡಿಗೆ ಕಡಿಮೆಯಿರಲಿಲ್ಲ.

ಕಟ್ಟೆಯ ಮೇಲೆ ನಲವತ್ತರ ಆಸುಪಾಸಿನ ಎತ್ತರದ ಆಳೊಬ್ಬ ಹಗ್ಗ ಹೊಸೆಯುತ್ತಿದ್ದ.

"ಹೆಸರೇನು?" ರಾಯರು ಕೇಳಿದರು.

"ಮರಿಬಸಪ್ಪ ರೀ."

"ಓಬಳೇಶ ಅಂದ್ರೆ ಯಾರು?"

"ಗೊತ್ತಿಲ್ರಿ."

ಸ್ವರ ಅಳುಕಲಿಲ್ಲ. ಫೋಟೋ ಇಲ್ಲ, ಗುರುತು ಹಿಡಿಯಬಲ್ಲ ಗಾದೆಪ್ಪ ಬಳ್ಳಾರಿಯಲ್ಲಿದ್ದ. ಎತ್ತರ, ಕಪ್ಪು, ಮೀಸೆ ಎಂಬ ವರ್ಣನೆಗೆ ಅರ್ಧ ಜಿಲ್ಲೆ ಹೊಂದುತ್ತಿತ್ತು. ರಾಯರು ಸುಂಕಣ್ಣನ ಮುಖ ನೋಡಿದರು.

ಸುಂಕಣ್ಣ ರುಮಾಲು ತೆಗೆದು ಬೆವರು ಒರೆಸಿಕೊಂಡ. "ಭಾಳ ಬಿಸಲು. ಕುಡ್ಯಾಕ ಒಂದು ಚೊಂಬು ನೀರು ಕೊಡಪಾ."

ಆಳು ಎದ್ದ. ಏಳಡಿ ಬಾಗಿಲ ಮುಂದೆ ಬಂದ ಕೂಡಲೇ ಅವನ ಬೆನ್ನು ಬಾಗಿತು, ಭುಜ ಒಳಗೆ ಸರಿಯಿತು, ತಲೆ ಎದೆಗೆ ಇಳಿಯಿತು. ಹಾಗೆಯೇ ಒಳಗೆ ಹೋದ. ಚೊಂಬು ಹಿಡಿದು ಹಾಗೆಯೇ ಬಗ್ಗಿ ಹೊರಗೆ ಬಂದ, ಒಂದು ಹನಿ ತುಳುಕಲಿಲ್ಲ. ಅವನ ಬೆನ್ನಿನ ಮೇಲೆ ಮೂರಡಿ ಬಯಲು ಖಾಲಿ ಇತ್ತು.

ಸುಂಕಣ್ಣ ನೀರು ಪೂರ್ತಿ ಕುಡಿದ. ಚೊಂಬು ಮರಳಿಸಿದ.

"ಓಬಳೇಶಾ, ಹದಿನೇಳು ವರ್ಷ ಬಗ್ಗಿದ್ದು ಹದಿನೈದು ದಿನಕ್ಕ ಬಿಡೂದಿಲ್ಲಪಾ."

ಚೊಂಬು ಕಟ್ಟೆಯ ಮೇಲೆ ಉರುಳಿತು. ಓಬಳೇಶ ತಾನು ದಾಟಿ ಬಂದ ಬಾಗಿಲನ್ನು ತಿರುಗಿ ನೋಡಿದ. ತಾನು ಬಗ್ಗಿದ್ದು ಆಗಲೇ ಅವನಿಗೆ ಗೊತ್ತಾದದ್ದು.

ಸದ್ದಿಗೆ ಒಳಗಿನಿಂದ ಮುದುಕಿಯೊಬ್ಬಳು ಬಂದಳು, ತಲೆಯೆತ್ತಿ, ನೆಟ್ಟಗೆ. ಹಣೆಯ ಮೇಲೆ ಒಣಗಿದ ಗಾಯದ ಗೆರೆ ಇತ್ತು. ಪೊಲೀಸರನ್ನು ಕಂಡು ಸೆರಗು ಎಳೆದುಕೊಂಡಳು, ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಸಂಜೆ ಐದೂ ಹತ್ತಕ್ಕೆ ದಸ್ತಗಿರಿ. ಓಬಳೇಶ ಏನನ್ನೂ ಮುಚ್ಚಿಡಲಿಲ್ಲ.

"ಅರ್ಧ ಮನಿ ನಿನಗ ಅಂತ ಹೇಳಿ ಮಾವ ಕರಕೊಂಡು ಬಂದಿದ್ದ ರೀ. ಬಾಯಿಮಾತು. ಅವ ಹ್ವಾದ. ಹೆಂಡತಿ ಹ್ವಾದಳು. ಹೊಲದ ಕೆಲಸ, ಮನಿ ಕೆಲಸ, ನೀರು ತರೂದು ಎಲ್ಲಾ ನನ್ನ ಮ್ಯಾಲ. ಊರಿಗಿ ಹೋಕ್ಕೀನಿ ಅಂದ್ರ ಅತ್ತಿ ನಗೂದು. ಎಲ್ಲಿಗಿ ಹೋಕ್ಕಿ? ನಿನಗ್ಯಾರದಾರ? ಅನ್ನೂದು. ಖರೆ ರೀ. ಎಲ್ಲಿಗಿ ಹೋಗಬೇಕಿತ್ತು?"

"ತಾಯೀನ್ಯಾಕ ಇದರಾಗ ಎಳದಿ?"

ಉತ್ತರ ಕೊಟ್ಟವಳು ಊರಮ್ಮ. "ಅವ ಎಳೀಲಿಲ್ರಿ. ನಾನ ಬರ್ತೀನಿ ಅಂದೆ. ಕೊಟ್ಟ ಮಾತಿನ ಪಾಲು ತಗೊಳ್ಳೂದು ಕಳವೇನು ಅಂದುಕೊಂಡೆ. ಕೊಂಡವರ ಮಕ್ಕಳನ್ನ ನೋಡಿದ ಮ್ಯಾಲ ನಿದ್ದಿ ಬರಲಿಲ್ಲ."

ರಾಯರು ಮನೆಯ ವಿವರ ಬರೆಸುತ್ತಿದ್ದರು. "ಬಾಗಿಲು ಹೊಸದು, ಅಳತೆ ಏಳಡಿ. ಇಷ್ಟು ಎತ್ತರ ಯಾತಕ್ಕೆ?"

ಓಬಳೇಶ ನೆಲ ನೋಡುತ್ತ ಹೇಳಿದ. "ಅವ್ವ ಆ ಮನಿ ಒಳಗ ಹ್ವಾದದ್ದು ಒಮ್ಮೆ ರೀ. ರಕ್ತ ಬಂತು. ಈ ಮನ್ಯಾಗ ಆಕಿ ಬಗ್ಗಬಾರದು ಅಂತ ಮಾಡಿಸಿದೆ."

ರಾಯರು ಅದನ್ನು ಬರೆಸಲಿಲ್ಲ. ಕಲಮಿಗೆ ಬೇಕಾದ ಮಾತಲ್ಲ ಅದು.

ಮನೆಗೆ ಬೀಗ ಹಾಕಬೇಕಾದಾಗ ಊರಮ್ಮ, "ನಾನ ಹಾಕ್ತೀನ್ರಿ," ಎಂದಳು. ಜೀವಮಾನದಲ್ಲಿ ಅವಳು ಬೀಗ ಹಾಕಿದ ಮನೆ ಅದೊಂದೇ. ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಸುಂಕಣ್ಣನ ಕೈಗಿಟ್ಟಳು. ಹದಿನೈದು ದಿನ ಇದ್ದ ಮನೆಯನ್ನು ಬಿಟ್ಟು, ಮಗನ ಪಕ್ಕದಲ್ಲಿ ಬಂಡಿ ಹತ್ತಿದಳು.

ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಸುಂಕಣ್ಣ ದೊಡ್ಡಬಸಮ್ಮನ ಮನೆಗೆ ಹೋದ. ಕುರುಗೋಡಿನ ಮನೆ ಜಪ್ತಿಯಾಗಿದೆ, ನಿನ್ನ ಹಣ ಕೋರ್ಟಿನ ದಾರಿಯಲ್ಲೇ ಬರಬೇಕು, ವರ್ಷ ಹಿಡಿಯಬಹುದು, ಈ ಮನೆ ಮಾತ್ರ ನಿನ್ನದಾಗುವುದಿಲ್ಲ ಎಂದು ಗಾದೆಪ್ಪನಿಗೆ ಹೇಳಿದ. ಗಾದೆಪ್ಪ ನಾಲ್ಕು ದಿನದಿಂದ ಕಟ್ಟೆಯಲ್ಲೇ ಇದ್ದ ಟ್ರಂಕಿನ ಮೇಲೆ ಕೂತ. ದೊಡ್ಡಬಸಮ್ಮ ಎಲ್ಲವನ್ನೂ ಕೇಳಿದಳು, ಏಳಡಿ ಬಾಗಿಲಿನ ಮಾತನ್ನೂ.

"ನಾ ಅವಗ ಎಲ್ಲಿಗಿ ಹೋಕ್ಕಿ ಅಂದದ್ದು ಖರೆ," ಎಂದಳು. ನಂತರ ಕೊಟ್ರಮ್ಮನ ಕಡೆ ತಿರುಗಿ, "ಹುಡುಗರನ್ನ ಒಳಗ ಕರಕೊಂಡು ಬಾರವ್ವ. ಪಡಸಾಲ್ಯಾಗ ಇರ್ರಿ, ಕೋರ್ಟು ಏನಾರ ಅನ್ನೂ ತನಕ. ಬಾವಿ ನೀರು ಸೇದಾಕ ನನಗ ಆಗವಲ್ಲದು," ಎಂದಳು. ಕೊಟ್ರಮ್ಮ ಪಡಸಾಲೆ ದಾಟಿ, ಕೊಡ ತರಲು, ಸಣ್ಣ ಮಗುವಿನ ತಲೆಯ ಮೇಲೆ ಕೈಯಿಟ್ಟು, ತಾನೂ ಬಗ್ಗಿ ಒಳಕೋಣೆಗೆ ಹೋದಳು.

ಆ ಸಂಜೆ ಸುಂಕಣ್ಣ ಹೆಂಡತಿ ಸುಂಕಮ್ಮನನ್ನು ಕರೆದುಕೊಂಡು ಗುಡ್ಡದ ಹಿಂದಿನ ಮನೆಗೆ ಹೋದ. ನೀರು ಕೇಳಿದ. ಮಾರುವವನು ತಗ್ಗು ಬಾಗಿಲಿಗೆ ತಾನಾಗಿ ಬಗ್ಗಿ ಹೋಗಿ ನೀರು ತಂದ. ಮನೆ ಅವನದೇ, ಅನುಮಾನವಿಲ್ಲ. ನೆರೆಯವರನ್ನೂ ಕೇಳಿಯಾಯಿತು.

"ಮತ್ತ್ಯಾಕ ನಿಂತೀರಿ? ಮುಂಗಡ ಕೊಡ್ರಿ," ಎಂದಳು ಸುಂಕಮ್ಮ.

"ತಡಿ," ಎಂದ ಸುಂಕಣ್ಣ, ಬಾಗಿಲ ಮೇಲಿನ ಕಲ್ಲನ್ನು ಕೈಯಿಂದ ಮುಟ್ಟಿ ನೋಡುತ್ತ. "ಇದನ್ನ ಎತ್ತರ ಮಾಡಾಕ ಆಕ್ಕೈತೇನು ಅಂತ ಮನಿ ಕಟ್ಟೂ ಗೌಂಡಿನ್ನ ಕೇಳಿ ಬರ್ತೀನಿ."