ಉಪ್ಪು ಬೆರೆತ ಐಸು

“ಸಂಜೆಯೊಳಗೆ ಈ ಪೆಟ್ಟಿಗೆ ಪಟ್ಟಣದ ಲ್ಯಾಬು ಮುಟ್ಟಬೇಕು,” ಎಂದರು ಡಾಕ್ಟರಮ್ಮ ದೋಣಿಗಾರನಿಗೆ.

ಪೆಟ್ಟಿಗೆಯಲ್ಲಿ ಐಸಿನ ನಡುವೆ ಅವನ ಪಕ್ಕದ ಮನೆಯ ಹುಡುಗನ ರಕ್ತವಿತ್ತು. ಜೌಗಿನಾಚೆಯ ಈ ಕೇರಿಗೆ ಮಿದುಳು ಜ್ವರ ಹೊಕ್ಕಿತ್ತು. ದೋಣಿಗಾರನ ಮಗಳನ್ನು ಅದು ಆಗಲೇ ನುಂಗಿತ್ತು. ಅವನಿಗೆ ಇನ್ನು ಉಳಿದವನು ಅವಳ ಪುಟ್ಟ ತಮ್ಮನೊಬ್ಬನೇ. ಸೊಳ್ಳೆ ತರುವ ವೈರಸ್ಸೇ ಎಂದು ಖಚಿತವಾದರೆ ಮಿಕ್ಕ ಮಕ್ಕಳಿಗೆಲ್ಲ ಲಸಿಕೆ ಬರುತ್ತಿತ್ತು.

ದೋಣಿ ಹೊರಟಿತು. ಎರಡೂ ಕಡೆ ಆಳೆತ್ತರದ ಜೊಂಡು, ನಡುವೆ ಕಪ್ಪು ನೀರು, ಅದರ ಮೇಲೆ ಮೋಡದಂತೆ ಏಳುವ ಸೊಳ್ಳೆಗಳು. ಮಗಳನ್ನು ಕೊಂದದ್ದು ಇವುಗಳಲ್ಲಿ ಯಾವುದೋ ಎಂದು ನೆನೆದು ದೋಣಿಗಾರ ಹಲ್ಲು ಕಚ್ಚಿ ಹುಟ್ಟು ಹಾಕಿದ.

ದಾರಿಯಲ್ಲಿ ಕಳೆ ದೋಣಿಯನ್ನು ಕಚ್ಚಿಕೊಂಡಿತು. ಜೊತೆಗೆ ಬಂದಿದ್ದ ಅವನ ಭಾವಮೈದುನ ಕತ್ತಿ ಹಿಡಿದು ನೀರಿಗೆ ಹಾರಿದ.

“ಭಾವ, ಈ ಕಳೆ ನಮ್ಮಮ್ಮನ ಥರ. ಹಿಡಿದ್ರೆ ಬಿಡಲ್ಲ!”

ಅವನು ಕಳೆ ಕೊಯ್ಯುತ್ತಿದ್ದ. ಡಾಕ್ಟರಮ್ಮ ಪೆಟ್ಟಿಗೆ ತೆರೆದು ನೋಡಿದರು. ಸೀಸೆಯೊಳಗೆ ರಕ್ತ ಕಲ್ಲಾಗಿತ್ತು.

“ಐಸಿಗೆ ಏನು ಹಾಕಿದ್ರಿ?” ಎಂದು ದೋಣಿಗಾರನನ್ನು ಕೇಳಿದರು.

“ಉಪ್ಪಮ್ಮ. ಮೀನಿಗೆ ಹಾಗೇ ಹಾಕ್ತೀವಿ, ಇನ್ನೂ ತಣ್ಣಗಾಗತ್ತೆ ಅಂತ.”

“ತಣ್ಣಗಿದ್ರೆ ಸಾಕಿತ್ತು. ಹೀಗೆ ಕಲ್ಲಾದ ರಕ್ತ ಪರೀಕ್ಷೆಗೆ ಬರಲ್ಲ.”

ದೋಣಿಗಾರ ಕೇರಿಯ ಕಡೆಗೆ ದೋಣಿ ತಿರುಗಿಸಿದ.

ಹುಡುಗನ ತಾಯಿ ಬಾಗಿಲಿಗೆ ಅಡ್ಡ ನಿಂತಳು. “ಮತ್ತೆ ಸೂಜಿನಾ?”

“ಹಾಳು ಮಾಡಿದ್ದು ನಾನು ಅಕ್ಕ. ಬೇಕಾದ್ರೆ ಹೊಡಿ. ಆದ್ರೆ ಈ ಸಲ ಹುಡುಗನ್ನೇ ಕಳಿಸು, ನೀನೂ ಬಾ. ಆಸ್ಪತ್ರೆಗೆ ನಾನು ಮುಟ್ಟಿಸ್ತೀನಿ,” ಎಂದ ದೋಣಿಗಾರ.

ಅವನ ಅಂಗಳದ ಹಗ್ಗದ ಮೇಲೆ ಇನ್ನೂ ತೆಗೆಯದ ಪುಟ್ಟ ಲಂಗವೊಂದು ಒಣಗುತ್ತಿತ್ತು. ತಾಯಿ ಅದನ್ನೇ ನೋಡಿದಳು. ಮಗನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು.

ಈಗ ಎದುರುಗಾಳಿ. ನಡುನೀರಿನಲ್ಲಿ ಹುಡುಗನಿಗೆ ಫಿಟ್ಸ್ ಬಂತು.

“ಮಗ್ಗುಲಿಗೆ ಮಲಗಿಸಿ! ಬಾಯಿಗೆ ಏನೂ ಹಾಕ್ಬೇಡಿ!” ಡಾಕ್ಟರಮ್ಮ ಕೂಗಿದರು.

ದೋಣಿಗಾರ ಹಿಂತಿರುಗಿ ನೋಡಲಿಲ್ಲ. ಅಂಗೈ ಸುಲಿದು ರಕ್ತ ಬಂದರೂ ಹುಟ್ಟು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಪಟ್ಟಣದ ದಡ ಮುಟ್ಟಿದರು.

ಅದು ಸೊಳ್ಳೆ ತರುವ ವೈರಸ್ಸೇ ಆಗಿತ್ತು. ಹುಡುಗ ಬದುಕಿದ, ಆದರೆ ಎಡಗೈ ಮೇಲೇಳದು. ಲಸಿಕೆಯ ಪೆಟ್ಟಿಗೆ ಅದೇ ದೋಣಿಯಲ್ಲಿ ಬಂತು. ಅದನ್ನು ಏರಿಸುವ ಮುಂಚೆ ದೋಣಿಗಾರ ಉಪ್ಪಿನ ಚೀಲವನ್ನು ತೆಗೆದು ದಡದಲ್ಲೇ ಇಟ್ಟ.

ಕೇರಿಯಲ್ಲಿ ಮಗನನ್ನು ಎತ್ತಿಕೊಂಡು ಅವನೂ ಸಾಲಿನಲ್ಲಿ ನಿಂತ. ಸೂಜಿ ಚುಚ್ಚಿದಾಗ ಮಗ ಕೇರಿಗೆಲ್ಲ ಕೇಳುವಂತೆ ಅತ್ತ. ಅಪ್ಪನೂ ಅತ್ತ. ಆದರೂ, ಮಗಳು ಹೋದ ಮೇಲೆ ಮೊದಲ ಸಲ, ಅವನ ಹೊಟ್ಟೆ ತಣ್ಣಗಾಗಿತ್ತು.