ಹದಿನೇಳನೇ ದಾನಿ

"ಅಯ್ಯೋ, ನಿಧಾನ ಮೇಡಂ!"

ಸೂಜಿ ಇನ್ನೂ ಟ್ರೇನಲ್ಲೇ ಇತ್ತು. ಆರಡಿ ಎತ್ತರದ ಆ ಬಸ್ ಕಂಡಕ್ಟರ್ ಆಗಲೇ ಕಣ್ಣು ಮುಚ್ಚಿ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸಂಶೋಧಕಿಗೆ ನಗು ತಡೆಯಲಾಗಲಿಲ್ಲ.

"ಇನ್ನೂ ಮುಟ್ಟೇ ಇಲ್ಲ ಕಣ್ರೀ!"

ಒಂದೇ ಕಣ್ಣು ತೆರೆದು ಅವನೂ ನಕ್ಕ. ಆ ನಗು ಅವಳ ಮನಸ್ಸಿನಲ್ಲಿ ಅಲ್ಲೇ ಕೂತುಬಿಟ್ಟಿತು.

ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. ಹಳೆಯ ವೇಷ ಬಲ್ಲ ಪ್ರತಿಕಾಯ, ಅಂದರೆ ವೈರಸ್ ಹಿಡಿಯುವ ರಕ್ತದ ಕಾವಲುಗಾರ, ಹೊಸದರ ಮುಂದೆ ಪೆಚ್ಚಾಗುತ್ತದೆ. ಯಾವ ವೇಷದಲ್ಲಿ ಬಂದರೂ ಗುರುತು ಹಿಡಿಯುವ ಒಂದು ಪ್ರತಿಕಾಯಕ್ಕಾಗಿ ಅವಳು ಐದು ವರ್ಷದಿಂದ ತಡಕಾಡುತ್ತಿದ್ದಳು. ಕೆಮ್ಮುವ ಜನರ ನಡುವೆ ಹನ್ನೆರಡು ವರ್ಷ ಟಿಕೆಟ್ ಹರಿದ ಇವನ ರಕ್ತದಲ್ಲಿ ಅದರ ಸುಳಿವು ಸಿಕ್ಕಿತ್ತು.

ದಾನಿಗಳ ಹೆಸರು ಹೇಳುವಂತಿಲ್ಲ. ಪ್ರಯೋಗಾಲಯದಲ್ಲಿ ಅವನು ಬರೀ 'ಹದಿನೇಳು'.

ಪ್ರತಿ ತಿಂಗಳೂ ಬಂದ, ಬೆವರುತ್ತಲೇ ತೋಳು ಚಾಚಿದ. ಭಯ ಮರೆಸಲು ಅವಳು ಅದೂ ಇದೂ ಮಾತಾಡಿಸುತ್ತಿದ್ದಳು. ಬರಬರುತ್ತಾ, ಅವನು ಹೋದ ಮೇಲೂ ಅವಳ ತಲೆಯಲ್ಲಿ ಆ ಮಾತು ಮುಗಿಯುತ್ತಿರಲಿಲ್ಲ...

ಆರನೇ ತಿಂಗಳು ಅವನು ಬಾಗಿಲಿಗೆ ಬಂದಾಗ, ಅವಳು ಹಿರಿಯ ವಿಜ್ಞಾನಿ ಮೇಡಂ ಜೊತೆ ಮಾತಾಡುತ್ತಿದ್ದಳು.

"ಹದಿನೇಳು ಎಲ್ಲಿ ಹೋಗ್ತಾರೆ ಮೇಡಂ? ನಾನು ನಗ್ತಾ ಮಾತಾಡಿಸಿದ್ರೆ ಸಾಕು, ಬಂದೇ ಬರ್ತಾರೆ!"

ತನ್ನ ಮನಸ್ಸು ಮೇಡಂಗೆ ತಿಳಿದುಬಿಟ್ಟೀತೆಂದು ಹೆದರಿ ಆಡಿದ ಮಾತು ಅದು. ತಿರುಗಿದರೆ... ಅವನು! ಮುಖ ಸಪ್ಪಗಾಗಿತ್ತು.

"ನಗುವೂ ಕೆಲಸದ್ದೇನಾ ಮೇಡಂ?"

ಆ ದಿನ ಕಣ್ಣು ಮುಚ್ಚದೆ ರಕ್ತ ಕೊಟ್ಟ. ತೋಳಿಗೆ ಹತ್ತಿ ಒತ್ತಿಕೊಂಡು ಎದ್ದು ಹೋದ.

ಅದೇ ರಕ್ತದ ಒಂದು ಜೀವಕೋಶದಲ್ಲಿ ಅವಳ ಹುಡುಕಾಟ ಮುಗಿಯಿತು. ತಿಂಗಳಾದ ಮೇಲೆ, ಪರೀಕ್ಷೆಯ ತಟ್ಟೆಯ ಗುಳಿಗಳಲ್ಲಿ ಹಳದಿ ಬಣ್ಣ ಮೂಡಿತು. ಒಂದು, ಎರಡು... ಪರೀಕ್ಷೆಗಿಟ್ಟ ಎಂಟೂ ತಳಿಯ ವೈರಸ್ಸನ್ನು ಆ ಪ್ರತಿಕಾಯ ಹಿಡಿದಿತ್ತು!

"ಇನ್ನು ಇದನ್ನ ಇಲ್ಲೇ ತಯಾರು ಮಾಡ್ಕೋಬಹುದು. ನಿನ್ನ ಹದಿನೇಳಕ್ಕೆ ರಜೆ ಕೊಡಮ್ಮ!" ಮೇಡಂ ಬೆನ್ನು ತಟ್ಟಿದರು.

ಅವಳ ಕಣ್ಣು ತುಂಬಿ ಬಂತು. ಇನ್ನು ಅವನನ್ನು ಕರೆಯಲು ಯಾವ ನೆಪವೂ ಇಲ್ಲ...

'ನೆಪ ಯಾಕೆ ಬೇಕು?' ಬಿಳಿ ಕೋಟು ಬಿಚ್ಚಿಟ್ಟು, ಅವನ ಬಸ್ ಬರುವ ಸ್ಟಾಪಿಗೆ ಓಡಿದಳು.

ಬಸ್ಸಿನೊಳಗೆ ಅವಳನ್ನು ಕಂಡು ಅವನು ಅಂಗಿಯ ತೋಳು ಮಡಚಿದ.

"ಎಷ್ಟು ಬೇಕೋ ತಗೊಳ್ಳಿ. ಸುಳ್ಳು ನಗು ಮಾತ್ರ ಬೇಡ."

"ರಕ್ತ ಬೇಡ! ಸಿಕ್ತು... ಎಂಟೂ ತಳಿ ಹಿಡೀತು! ಇನ್ಮೇಲೆ ನೀವು ಬರೋ ಅಗತ್ಯ ಇಲ್ಲ."

"ಫೋನಲ್ಲೇ ಹೇಳ್ಬಹುದಿತ್ತು."

"ಅಗತ್ಯ ಇಲ್ದಿದ್ರೂ ಬನ್ನಿ ಅಂತ ಕೇಳೋಕೆ ಬಂದೆ. ಅವತ್ತು ಮೇಡಂ ಮುಂದೆ ನಾಚಿಕೆ ಆಗಿ ಏನೋ ಬಾಯಿಗೆ ಬಂದಿದ್ದು ಅಂದೆ... ನಂಗೆ ನೀವಂದ್ರೆ ಇಷ್ಟ ಕಣ್ರೀ!"

ಮುಂದಿನ ಸೀಟಿನ ಅಜ್ಜಿ ತಿರುಗಿದರು. "ಬೇಗ ಹೂಂ ಅನ್ನಪ್ಪಾ, ನನ್ನ ಸ್ಟಾಪ್ ಬಂತು!"

ಅವನ ಮುಖದಲ್ಲಿ ಹಳೆಯ ನಗು ಬಂತು.

"ಸೂಜಿ ಕಂಡ್ರೆ ನಂಗೆ ಇವತ್ತಿಗೂ ಜೀವ ಹೋಗತ್ತೆ. ಆದ್ರೂ ಆರು ತಿಂಗಳು ಯಾಕೆ ಬಂದೆ ಅಂದ್ಕೊಂಡ್ರಿ?"

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ... ನಾಳೆ ಬರ್ತೀರಾ?"

"ಸೂಜಿ ಇರಲ್ಲ ತಾನೇ?"

"ಇರಲ್ಲ."

"ಇದ್ರೂ ಬರ್ತೀನಿ."